ನಮ್ಮ ಕುಂಡದಲ್ಲಿ ಯಾವ ಗಿಡ? ಎರಡು ಸಾವಿರ ವರ್ಷದ ಪ್ರಶ್ನೆ



ಈ ತಿಂಗಳ ಇತಿಹಾಸ ಬರಹಕ್ಕೆ ನಾನು ಆರಿಸಿಕೊಂಡ ವಿಷಯ ನಿಮ್ಮ ಮನೆಯ ಹಿಂದಿನ ಪ್ಯಾಟಿಯೋದಲ್ಲೇ ಸಿಗುತ್ತದೆ. ಅದು ಕುಂಡದಲ್ಲಿ ಬೆಳೆಸುವ ಪೊದೆಗಿಡ. ನಮ್ಮ ಕನ್ನಡ ಶಾಲೆಯ ಯಾರ ಮನೆಗೆ ಹೋದರೂ ಬಾಗಿಲ ಬಳಿ ಒಂದು ತುಳಸಿ, ಅಡುಗೆಮನೆಯ ಕಿಟಕಿಯಾಚೆ ಒಂದು ಕರಿಬೇವು, ಜೊತೆಗೆ ಒಂದು ನಿಂಬೆಯೋ ದಾಸವಾಳವೋ ಕುಂಡದಲ್ಲಿ ಇದ್ದೇ ಇರುತ್ತದೆ. ಹಾಗೆಯೇ ಪ್ರತಿ ವರ್ಷ ಕೇಳುವ ಮಾತೂ ಒಂದಿದೆ: "ಈ ವರ್ಷವೂ ಗಿಡ ಒಣಗಿಹೋಯ್ತು ಕಣ್ರೀ."

ಯಾವ ಗಿಡ ಇಲ್ಲಿ ಕುಂಡದಲ್ಲಿ ಬದುಕುತ್ತದೆ, ಯಾವುದು ಬದುಕುವುದಿಲ್ಲ, ಯಾಕೆ? ಈ ಪ್ರಶ್ನೆಯನ್ನು ನಮಗಿಂತ ಮೊದಲು ಗ್ರೀಕರು, ರೋಮನ್ನರು, ಇಟಲಿಯ ಶ್ರೀಮಂತರು, ಸ್ಪೇನಿನ ಸಾಮಾನ್ಯ ಗೃಹಿಣಿಯರು ಎಲ್ಲರೂ ಕೇಳಿಕೊಂಡಿದ್ದಾರೆ. ಅವರು ಕಂಡುಕೊಂಡ ಉತ್ತರಗಳು ನಮಗೂ ಉಪಯೋಗಕ್ಕೆ ಬರುತ್ತವೆ. ಇತ್ತೀಚೆಗೆ ಈ ಪ್ರಶ್ನೆಗೆ ಒಂದು ಗಂಭೀರವಾದ ಭಾಗವೂ ಸೇರಿಕೊಂಡಿದೆ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಪೋಷಕರು ದಯವಿಟ್ಟು ಅಲ್ಲಿಯವರೆಗೂ ಓದಿ.

ತಲೆಕೆಳಗಾದ ವರ್ಷ

ಮೊದಲು ಹವಾಮಾನವನ್ನು ಅರ್ಥ ಮಾಡಿಕೊಳ್ಳೋಣ. ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 38 ಅಂಗುಲ ಮಳೆ ಬೀಳುತ್ತದೆ. ಅದರಲ್ಲಿ ಹೆಚ್ಚಿನದು ಮೇ ತಿಂಗಳಿಂದ ಅಕ್ಟೋಬರ್ ಒಳಗೆ, ಅಂದರೆ ಬೆಚ್ಚಗಿನ ತಿಂಗಳುಗಳಲ್ಲಿ. ನಾವಿರುವ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ, ಲಾಸ್ ಏಂಜಲೀಸ್ ನಗರದ ಲೆಕ್ಕ ಹಿಡಿದರೆ, ಬೀಳುವುದು 14–15 ಅಂಗುಲ. ಅದರ ಬಹುಪಾಲು ನವೆಂಬರಿನಿಂದ ಮಾರ್ಚ್ ಒಳಗೆ, ಚಳಿಯಲ್ಲಿ. ಜೂನ್, ಜುಲೈ, ಆಗಸ್ಟ್ ತಿಂಗಳಲ್ಲಿ ಹೆಚ್ಚು ಕಡಿಮೆ ಒಂದು ಹನಿಯೂ ಇಲ್ಲ.

ಅಂದರೆ ನಮ್ಮ ಊರಿನ ಗಿಡಕ್ಕೆ ಇಲ್ಲಿ ವರ್ಷವೇ ತಲೆಕೆಳಗು. ಸೆಕೆ ಬಂದಾಗ ಚಿಗುರಬೇಕು ಎಂದು ಅದಕ್ಕೆ ಗೊತ್ತು. ಆದರೆ ಆಗ ಮಳೆಯಿಲ್ಲ. ಚಳಿಗೆ ಅದು ನಿದ್ದೆ ಹೋಗುತ್ತದೆ. ಆಗ ಬೇರಿನ ಮೇಲೆ ತಣ್ಣೀರು ಸುರಿಯುತ್ತದೆ.

ಇಂಥ ಹವಾಮಾನಕ್ಕೆ ಮೆಡಿಟರೇನಿಯನ್ ಹವಾಮಾನ ಎಂದು ಹೆಸರು. ಇದು ಪ್ರಪಂಚದ ಐದು ಕಡೆ ಮಾತ್ರ ಇದೆ: ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ದೇಶಗಳು, ಕ್ಯಾಲಿಫೋರ್ನಿಯ, ಚಿಲಿ ದೇಶದ ನಡುಭಾಗ, ದಕ್ಷಿಣ ಆಫ್ರಿಕಾದ ಕೇಪ್ ಪ್ರದೇಶ, ಆಸ್ಟ್ರೇಲಿಯಾದ ನೈಋತ್ಯ ಮತ್ತು ದಕ್ಷಿಣ ಕರಾವಳಿ. ಐದನ್ನೂ ಕೂಡಿಸಿದರೆ ಭೂಮಿಯ ನೆಲದಲ್ಲಿ ನೂರಕ್ಕೆ ಐದು ಪಾಲಿಗಿಂತ ಕಡಿಮೆ. ಆದರೆ ಲೋಕದ ಗಿಡಜಾತಿಗಳಲ್ಲಿ ಸುಮಾರು ಐದರಲ್ಲಿ ಒಂದು ಪಾಲು ಇಲ್ಲೇ ಇವೆ. ಈ ಐದು ಪ್ರದೇಶಗಳನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಕುಂಡಕ್ಕೆ ತೂತು ಯಾಕೆ?

ಅರಿಸ್ಟಾಟಲನ ಶಿಷ್ಯ ಥಿಯೋಫ್ರಾಸ್ಟಸ್ ಎಂಬ ಗ್ರೀಕ್ ವಿದ್ವಾಂಸ ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಹುಟ್ಟಿದವನು. ಅವನನ್ನು ಸಸ್ಯಶಾಸ್ತ್ರದ ಪಿತಾಮಹ ಎನ್ನುತ್ತಾರೆ. ಗ್ರೀಸಿನ ಪೂರ್ವಕ್ಕೆ, ಪರ್ಷಿಯಾ ಕಡೆ ಬೆಳೆಯುವ ಒಂದು ವಿಚಿತ್ರ ಹಣ್ಣಿನ ಬಗ್ಗೆ ಅವನು ಬರೆದ. ಅದನ್ನು ತಿನ್ನುವುದಿಲ್ಲ, ಆದರೆ ಘಮಘಮ ಎನ್ನುತ್ತದೆ. ಬಟ್ಟೆಗಳ ನಡುವೆ ಇಟ್ಟರೆ ನುಸಿ ಬರುವುದಿಲ್ಲ. ಅದರ ಬೀಜವನ್ನು ತೂತುಳ್ಳ ಕುಂಡದಲ್ಲಿ ಹಾಕಿ ಮೊಳೆಸುತ್ತಾರೆ ಎಂದೂ ಹೇಳಿದ್ದಾನೆ.

ಆ ಹಣ್ಣು ಯಾವುದು ಗೊತ್ತೇ? ನಮ್ಮ ಮಾದಲ ಹಣ್ಣು! ಸಂಸ್ಕೃತದಲ್ಲಿ ಮಾತುಲುಂಗ. ನಿಂಬೆ, ಕಿತ್ತಳೆ, ಮಾದಲ ಇವೆಲ್ಲದರ ಮೂಲಪುರುಷರು ಹಿಮಾಲಯದ ಆಗ್ನೇಯ ತಪ್ಪಲಿನವರು ಎಂದು ವಿಜ್ಞಾನಿಗಳು ಹೇಳುತ್ತಾರೆ. ಅಂದರೆ ಬೇಸಿಗೆಯಲ್ಲಿ ಮಳೆ ಕಾಣುವ ನಾಡಿನವರು. ನಮ್ಮ ಕರಿಬೇವಿನ ಹಾಗೆಯೇ.

ನಾಲ್ಕು ಶತಮಾನ ಕಳೆದ ಮೇಲೆ ರೋಮ್‌ನ ಪ್ಲಿನಿ ಇದೇ ಗಿಡದ ಬಗ್ಗೆ ಮತ್ತೆ ಬರೆದ. ಇದರಲ್ಲಿ ಔಷಧಿಯ ಗುಣ ಇದೆ ಎಂದು ಬೇರೆ ಬೇರೆ ದೇಶದವರು ಇದನ್ನು ಮಣ್ಣಿನ ಕುಂಡದಲ್ಲಿ, ಬೇರಿಗೆ ಉಸಿರಾಡಲು ತೂತು ಮಾಡಿ, ತಮ್ಮ ಊರಿಗೆ ತರಲು ನೋಡಿದರು. ಆದರೆ ಅದು ತನ್ನ ನಾಡು ಬಿಟ್ಟು ಬೇರೆ ಕಡೆ ಬೆಳೆಯಲು ಒಪ್ಪಲಿಲ್ಲ ಎಂದ. "ಈ ವರ್ಷವೂ ಒಣಗಿಹೋಯ್ತು" ಎಂಬ ನಮ್ಮ ಆಂಟಿಯರ ಮಾತನ್ನು ಪ್ಲಿನಿ ಮೊದಲೇ ಹೇಳಿಬಿಟ್ಟಿದ್ದಾನೆ!

ಇಲ್ಲಿ ಒಂದು ವಿಷಯ ಗಮನಿಸಿ. ತೂತು ಇರುವುದು ನೀರು ಬಸಿದುಹೋಗಲಿ ಎಂದು ಮಾತ್ರ ಎಂದು ನಾವು ತಿಳಿದಿರುತ್ತೇವೆ. ಪ್ಲಿನಿ ಹೇಳಿದ್ದು ಬೇರಿನ ಉಸಿರಾಟದ ಬಗ್ಗೆ. ಎರಡೂ ಒಂದೇ ಮಾತು. ನೀರು ನಿಂತರೆ ಮಣ್ಣಿನ ಸಂದುಗಳಲ್ಲಿ ಗಾಳಿಗೆ ಜಾಗ ಇರುವುದಿಲ್ಲ, ಬೇರು ಉಸಿರುಕಟ್ಟಿ ಕೊಳೆಯುತ್ತದೆ.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಪ್ಲಿನಿ ತೀರಿಕೊಂಡ. ಪಾಂಪೇ ನಗರ ಬೂದಿಯಲ್ಲಿ ಹೂತುಹೋಯಿತು. ಇಪ್ಪತ್ತನೆಯ ಶತಮಾನದಲ್ಲಿ ವಿಲ್ಹೆಲ್ಮಿನಾ ಜಶೆಮ್ಸ್ಕಿ ಎಂಬ ಅಮೆರಿಕದ ಸಂಶೋಧಕಿ ಅಲ್ಲಿನ ತೋಟಗಳನ್ನು ಅಗೆದು ನೋಡಿದರು. ಗಿಡದ ಬೇರು ಕೊಳೆತು ಉಳಿದ ಟೊಳ್ಳು ಜಾಗಗಳನ್ನು ಗುರುತಿಸಿ, ಎಲ್ಲಿ ಎಂಥ ಗಿಡವಿತ್ತು ಎಂದು ಪತ್ತೆ ಮಾಡಿದರು. ಅಲ್ಲಿ ಅವರಿಗೆ ತೂತುಳ್ಳ ಮಣ್ಣಿನ ಕುಂಡಗಳೂ ಸಿಕ್ಕವು. ಪ್ಲಿನಿಯ ಪುಸ್ತಕದಲ್ಲಿದ್ದ ಕುಂಡಕ್ಕೆ ನೆಲದಡಿಯಿಂದಲೇ ಸಾಕ್ಷಿ ಸಿಕ್ಕಿತು.

ದೊರೆಯ ನಿಂಬೆ

ಮುಂದೆ ಅರಬರ ಮೂಲಕ ನಿಂಬೆ, ಹುಳಿ ಕಿತ್ತಳೆ ಮೆಡಿಟರೇನಿಯನ್ ಕರಾವಳಿಯಲ್ಲೆಲ್ಲ ಹಬ್ಬಿದವು. ಹಣ್ಣಿನ ಜೊತೆ ಹೆಸರೂ ಪ್ರಯಾಣ ಮಾಡಿತು. ಸಂಸ್ಕೃತದ ನಾರಂಗ ಪರ್ಷಿಯನ್ನಿನಲ್ಲಿ ನಾರಂಗ್, ಅರಬ್ಬಿಯಲ್ಲಿ ನಾರಂಜ್, ಸ್ಪ್ಯಾನಿಷ್‌ನಲ್ಲಿ ನರಾಂಹಾ, ಇಂಗ್ಲಿಷಿನಲ್ಲಿ ಆರೆಂಜ್ ಆಯಿತು. ಆ ನಾರಂಗವೂ ದ್ರಾವಿಡ ಭಾಷೆಗಳಿಂದ ಬಂದಿರಬೇಕು ಎಂದು ಹಲವು ವಿದ್ವಾಂಸರು ಹೇಳುತ್ತಾರೆ.

ಇಟಲಿಯ ಫ್ಲಾರೆನ್ಸ್ ನಗರದ ಮೆಡಿಚಿ ಮನೆತನದವರಿಗೆ ಈ ಗಿಡಗಳ ಮೇಲೆ ಬಹಳ ಮೋಹ. ಒಂದನೆಯ ಕೋಸಿಮೋ ಮೆಡಿಚಿ ಕಾಸ್ತೆಲ್ಲೋ ಎಂಬಲ್ಲಿ ತೋಟ ಮಾಡಿಸಿದ. ಅದರ ಕೆಲಸ 1538ರಲ್ಲಿ ಶುರುವಾಯಿತು. ಫ್ಲಾರೆನ್ಸ್‌ನ ಚಳಿಯಲ್ಲಿ ಹಿಮ ಬಿದ್ದರೆ ನೆಲದಲ್ಲಿರುವ ನಿಂಬೆಗಿಡ ಉಳಿಯುವುದಿಲ್ಲ. ಹಾಗಾಗಿ ದೊಡ್ಡ ದೊಡ್ಡ ಟೆರಾಕೋಟಾ ಕುಂಡಗಳಲ್ಲಿ ಬೆಳೆಸಿದರು. ಚಳಿಗಾಲಕ್ಕೆ ಮುಂಚೆ ಅಷ್ಟೂ ಕುಂಡಗಳನ್ನು "ಲಿಮೊನಾಯಾ" ಎಂಬ ನಿಂಬೆಮನೆಯೊಳಗೆ ಸಾಗಿಸುವುದು, ಬೆಚ್ಚಗಾದ ಮೇಲೆ ಮತ್ತೆ ಹೊರಗಿಡುವುದು. ಈ ಪದ್ಧತಿ ಅಲ್ಲಿ ಇಂದಿಗೂ ನಡೆದಿದೆ. ಈಗಲೂ ಆ ತೋಟದಲ್ಲಿ ಸುಮಾರು 500 ಕುಂಡಗಳಿವೆ. ಅಲ್ಲಿ "ಬಿಜ಼ಾರಿಯಾ" ಎಂಬ ಒಂದು ಗಿಡವಿದೆ. ಅದರ ಒಂದೇ ಹಣ್ಣಿನಲ್ಲಿ ಅರ್ಧ ಮಾದಲ, ಅರ್ಧ ಹುಳಿ ಕಿತ್ತಳೆ! ಹದಿನೇಳನೆಯ ಶತಮಾನದಲ್ಲಿ ಫ್ಲಾರೆನ್ಸಿನಲ್ಲಿ ಕಾಣಿಸಿಕೊಂಡ ಇದು ನಂತರ ಕಳೆದೇಹೋಗಿತ್ತು. 1980ರಲ್ಲಿ ಮತ್ತೆ ಸಿಕ್ಕಿತು.

ಇದು ಮೊದಲನೆಯ ಉತ್ತರ: ಇಷ್ಟವಾದ ಗಿಡವನ್ನು ತರುವುದು, ಅದಕ್ಕೆ ಬೇಕಾದ ವರ್ಷವನ್ನು ನಾವೇ ಕಟ್ಟಿಕೊಡುವುದು. ಚಳಿಗೆ ಒಳಗೆ, ಬೇಸಿಗೆಗೆ ನೀರು. ಕುಂಡ ಇದ್ದರೆ ಇದು ಸಾಧ್ಯ. ಆದರೆ ಮೆಡಿಚಿಗಳ ಹತ್ತಿರ ಕುಂಡ ಹೊರಲು ಆಳುಗಳಿದ್ದರು. ನಮ್ಮ ಮನೆಗಳಲ್ಲಿ ಆ ಕೆಲಸ ಸಾಮಾನ್ಯವಾಗಿ ಮಕ್ಕಳ ಪಾಲಿಗೆ ಬರುತ್ತದೆ.

ಅಂಗಳದ ಜಾಣತನ

ಎರಡನೆಯ ಉತ್ತರ ಬಂದಿದ್ದು ಸಾಮಾನ್ಯ ಜನರಿಂದ. ಸ್ಪೇನಿನ ದಕ್ಷಿಣದಲ್ಲಿರುವ ಕಾರ್ಡೋಬಾದಲ್ಲಿ ಬೇಸಿಗೆ ಎಂದರೆ 40 ಡಿಗ್ರಿ ಸೆಲ್ಸಿಯಸ್ ದಾಟುವ ಸೆಕೆ. ಅಲ್ಲಿನ ಹಳೆಯ ಮನೆಗಳಿಗೆ ನಮ್ಮ ತೊಟ್ಟಿಮನೆಯ ಹಾಗೆ ನಡುವೆ ಅಂಗಳವಿದೆ. ಸುಣ್ಣ ಬಳಿದ ಬಿಳಿ ಗೋಡೆಯ ತುಂಬ ಕುಂಡಗಳನ್ನು ತೂಗುಹಾಕುತ್ತಾರೆ. ಎತ್ತರದ ಕುಂಡಕ್ಕೆ ನೀರು ಹಾಕಲು ಉದ್ದನೆಯ ಕೋಲಿನ ತುದಿಗೆ ಒಂದು ಡಬ್ಬ ಕಟ್ಟಿಕೊಳ್ಳುತ್ತಾರೆ. ಅಲ್ಲಿ ಪ್ರತಿ ಮೇ ತಿಂಗಳಲ್ಲಿ ನಡೆಯುವ ಅಂಗಳಗಳ ಹಬ್ಬಕ್ಕೆ 2012ರಲ್ಲಿ ಯುನೆಸ್ಕೋ ಮಾನ್ಯತೆ ಸಿಕ್ಕಿತು.

ಆ ಗೋಡೆಗಳಲ್ಲಿ ಹೆಚ್ಚಾಗಿ ಕಾಣುವ ಗಿಡ ಜಿರೇನಿಯಮ್. ಅದರ ಸರಿಯಾದ ಹೆಸರು ಪೆಲಾರ್ಗೋನಿಯಮ್. ಅದು ಸ್ಪೇನಿನದಲ್ಲವೇ ಅಲ್ಲ! ದಕ್ಷಿಣ ಆಫ್ರಿಕಾದ ಕೇಪ್‌ನಿಂದ ಹದಿನೇಳನೆಯ ಶತಮಾನದಲ್ಲಿ ಹಡಗುಗಳಲ್ಲಿ ಯುರೋಪಿಗೆ ಬರತೊಡಗಿದ ಕುಲ. ಆ ಐದು ಪ್ರದೇಶಗಳನ್ನು ನೆನಪಿಟ್ಟುಕೊಳ್ಳಿ ಎಂದಿದ್ದೆನಲ್ಲ? ಕೇಪ್ ಅವುಗಳಲ್ಲಿ ಒಂದು. ಇಟಲಿಯಲ್ಲಿ ಮಾದಲ ಸತ್ತಿತು, ಸ್ಪೇನಿನಲ್ಲಿ ಜಿರೇನಿಯಮ್ ನಕ್ಕಿತು. ಯಾಕೆಂದರೆ ಕೇಪ್‌ನ ಬೇಸಿಗೆಯೂ ಒಣ ಬೇಸಿಗೆಯೇ. ಗಿಡ ಎಷ್ಟು ದೂರದಿಂದ ಬಂತು ಎಂಬುದಕ್ಕಿಂತ ಎಂಥ ವರ್ಷದಿಂದ ಬಂತು ಎಂಬುದು ಮುಖ್ಯ.

ಮೆಡಿಟರೇನಿಯನ್ ಕರಾವಳಿಯದೇ ಆದ ಗಿಡಗಳೂ ಅಂಗಳದಲ್ಲಿದ್ದವು: ರೋಸ್‌ಮೇರಿ, ಲ್ಯಾವೆಂಡರ್, ಮಿರ್ಟಲ್, ಬೇ ಲಾರೆಲ್. ಒಂದು ರೋಸ್‌ಮೇರಿ ಎಲೆಯನ್ನು ಕಿತ್ತು ತಿರುಗಿಸಿ ನೋಡಿ. ಅಂಚುಗಳು ಕೆಳಕ್ಕೆ ಸುರುಳಿಯಾಗಿವೆ, ಒಳಗೆ ಬಿಳಿ ನವಿರು ಇದೆ. ಗಿಡ ಉಸಿರಾಡುವ ರಂಧ್ರಗಳು ಆ ಸುರುಳಿಯೊಳಗೆ ಅಡಗಿರುವುದರಿಂದ ನೀರು ಬೇಗ ಆವಿಯಾಗುವುದಿಲ್ಲ. ಲ್ಯಾವೆಂಡರಿನ ಬೂದು ಬಣ್ಣವೂ ನವಿರಿನದೇ. ಅದು ಬಿಸಿಲನ್ನು ಹಿಂದಕ್ಕೆ ಅಟ್ಟುತ್ತದೆ. ಎಲೆ ನೋಡಿಯೇ ಗಿಡದ ಊರು ಹೇಳಬಹುದು. ಅಗಲವಾದ, ಮೆತ್ತನೆಯ ದಾಸವಾಳದ ಎಲೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ನಮಗೂ ಅವರಿಗೂ ಒಂದು ಗಿಡ ಸಮಾನವಾಗಿದೆ. ದೇವರ ಪೂಜೆಗೆ ಕೊಯ್ಯುವ ಕಣಗಿಲೆ. ಮೆಡಿಟರೇನಿಯನ್‌ನಿಂದ ಭಾರತದವರೆಗೂ ಅದು ತಾನಾಗಿಯೇ ಬೆಳೆಯುತ್ತದೆ. ಇಲ್ಲಿ ಹೆದ್ದಾರಿಗಳ ಪಕ್ಕದಲ್ಲೂ ಇದೆ. ಬಿಸಿಲಿಗೆ, ಬರಕ್ಕೆ ಜಗ್ಗುವುದಿಲ್ಲ. ಆದರೆ ಅದರ ಎಲೆ, ಹೂವು, ಕಾಂಡ ಎಲ್ಲವೂ ವಿಷ. ಪುಟ್ಟ ಮಕ್ಕಳು, ನಾಯಿ ಬೆಕ್ಕು ಇರುವ ಮನೆಯ ಕುಂಡಕ್ಕೆ ಬೇಡ.

ಹಾಗಾದರೆ ಎರಡನೆಯ ಉತ್ತರ: ಇಲ್ಲಿನ ವರ್ಷಕ್ಕೆ ಒಗ್ಗುವ ಗಿಡವನ್ನೇ ಆರಿಸುವುದು.

ಗಿಡದ ಜೊತೆ ಬಂದ ಅತಿಥಿ

ಈಗ ನಮ್ಮ ಕ್ಯಾಲಿಫೋರ್ನಿಯಕ್ಕೆ ಬರೋಣ. ಇಲ್ಲಿಗೆ ಕಿತ್ತಳೆ ತಂದವರು ಸ್ಪೇನಿನ ಪಾದ್ರಿಗಳು. ಸುಮಾರು 1804ರಲ್ಲಿ ಸ್ಯಾನ್ ಗೇಬ್ರಿಯಲ್ ಮಿಷನ್‌ನಲ್ಲಿ ದೊಡ್ಡ ತೋಟ ಎದ್ದಿತು. ಅಲ್ಲಿ ದುಡಿದವರು ಈ ನೆಲದ ಮೂಲನಿವಾಸಿಗಳಾದ ಟೋಂಗ್ವಾ ಜನ. 1873ರಲ್ಲಿ ರಿವರ್‌ಸೈಡ್‌ನ ಎಲೈಜ಼ಾ ಟಿಬೆಟ್ಸ್ ಎಂಬ ಮಹಿಳೆಗೆ ಬ್ರೆಜಿಲ್ ಮೂಲದ ಬೀಜವಿಲ್ಲದ ಕಿತ್ತಳೆಯ ಸಸಿಗಳು ಸರ್ಕಾರದಿಂದ ಬಂದವು. ಪಾತ್ರೆ ತೊಳೆದ ನೀರು ಹಾಕಿ ಅವನ್ನು ಉಳಿಸಿಕೊಂಡಳು ಎಂಬ ಕತೆಯಿದೆ. ಅಕ್ಕಿ ತೊಳೆದ ನೀರನ್ನು ಗಿಡಕ್ಕೆ ಸುರಿಯುವ ನಮ್ಮ ಅಜ್ಜಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ! ನಾವು ತಿನ್ನುವ ವಾಷಿಂಗ್ಟನ್ ನೇವಲ್ ಕಿತ್ತಳೆಯ ಕ್ಯಾಲಿಫೋರ್ನಿಯದ ತೋಟಗಳೆಲ್ಲ ಆ ಸಸಿಗಳಿಂದ ಕಸಿಯಾಗಿ ಬಂದವು. 1889ರಲ್ಲಿ ಒಂದು ಕೌಂಟಿಗೆ ಆರೆಂಜ್ ಎಂದೇ ಹೆಸರಿಟ್ಟರು.

ಆದರೆ ಅಷ್ಟರಲ್ಲಿ ತೊಂದರೆ ಶುರುವಾಗಿತ್ತು. ಜನ ತೋಟದ ಅಂದಕ್ಕೆಂದು ಆಸ್ಟ್ರೇಲಿಯಾದಿಂದ ಅಕೇಶಿಯಾ ಗಿಡಗಳನ್ನು ತರಿಸುತ್ತಿದ್ದರು. ಆಸ್ಟ್ರೇಲಿಯಾದಲ್ಲೂ ಇದೇ ಹವಾಮಾನ ಇರುವುದರಿಂದ ಗಿಡ ಚೆನ್ನಾಗಿ ಒಗ್ಗಿತು. ಅದರ ಜೊತೆ ಬಂದ ಹತ್ತಿಯಂಥ ಬಿಳಿ ಹಿಟ್ಟುತಿಗಣೆಯೂ ಅಷ್ಟೇ ಚೆನ್ನಾಗಿ ಒಗ್ಗಿತು! 1868ರ ಸುಮಾರಿಗೆ ಮೆನ್ಲೋ ಪಾರ್ಕ್‌ನಲ್ಲಿ ಕಾಣಿಸಿಕೊಂಡ ಆ ಹುಳು, 1880ರ ದಶಕದಲ್ಲಿ ದಕ್ಷಿಣದ ಕಿತ್ತಳೆ ತೋಟಗಳನ್ನು ನಾಶದ ಅಂಚಿಗೆ ತಂದಿತು. ಕೊನೆಗೆ 1888ರಲ್ಲಿ ಆಲ್ಬರ್ಟ್ ಕೋಬೆಲೆ ಎಂಬ ಕೀಟತಜ್ಞ ಆಸ್ಟ್ರೇಲಿಯಾಕ್ಕೇ ಹೋಗಿ, ಅಲ್ಲಿ ಆ ಹುಳುವನ್ನು ತಿನ್ನುವ ಪುಟ್ಟ ಕೆಂಪು ಗುಲಗಂಜಿ ಹುಳುವನ್ನು ಹುಡುಕಿ ಕಳಿಸಿದ. ಒಂದೆರಡು ವರ್ಷದೊಳಗೆ ತೋಟಗಳು ಚೇತರಿಸಿಕೊಂಡವು. 1912ರಲ್ಲಿ ಅಮೆರಿಕ ಸಸ್ಯಗಳಿಗೂ ಕ್ವಾರಂಟೈನ್ ಕಾನೂನು ತಂದಿತು. ಕೋವಿಡ್ ಕಾಲದಲ್ಲಿ ನಾವೆಲ್ಲ ಕಲಿತ ಈ ಪದವೂ ಮೆಡಿಟರೇನಿಯನ್‌ನದೇ. ರೋಗದ ಭಯದಿಂದ ಹಡಗುಗಳನ್ನು ನಲವತ್ತು ದಿನ ದೂರ ನಿಲ್ಲಿಸುತ್ತಿದ್ದ ವೆನಿಸ್‌ನವರ ಭಾಷೆಯಿಂದ ಬಂದದ್ದು.

ಹೀಗೆ ಕುಂಡದ ಪ್ರಶ್ನೆಗೆ ಮೂರನೆಯ ಭಾಗ ಸೇರಿತು: ಗಿಡದ ಜೊತೆ ಮತ್ತೇನು ಬರುತ್ತಿದೆ?

ನಮ್ಮ ಕರಿಬೇವು

ಪೋಷಕರೇ, ಕೊನೆಯಲ್ಲಿ ಹೇಳುತ್ತೇನೆ ಎಂದಿದ್ದು ಇದನ್ನೇ. ಕರಿಬೇವು ನಿಂಬೆ, ಕಿತ್ತಳೆಗಳ ನೆಂಟ. ಸಸ್ಯಶಾಸ್ತ್ರದ ಪ್ರಕಾರ ಎಲ್ಲವೂ ಒಂದೇ ಕುಟುಂಬ. ಎಳೆ ನಿಂಬೆ ಎಲೆಯನ್ನೂ ಕರಿಬೇವನ್ನೂ ಹಿಸುಕಿ ಬೆಳಕಿಗೆ ಹಿಡಿದು ನೋಡಿ. ಎರಡರಲ್ಲೂ ಎಣ್ಣೆಯ ಸಣ್ಣ ಚುಕ್ಕೆಗಳಿರುತ್ತವೆ.

ಏಷ್ಯನ್ ಸಿಟ್ರಸ್ ಸಿಲಿಡ್ ಎಂಬ, ಎಳ್ಳುಕಾಳಿನಷ್ಟು ದೊಡ್ಡ ಕೀಟವೊಂದಿದೆ. ಅದು ಎಳೆ ಚಿಗುರಿನ ರಸ ಹೀರುತ್ತದೆ. ಹೀರುವಾಗ "ಹ್ವಾಂಗ್‌ಲಾಂಗ್‌ಬಿಂಗ್" ಎಂಬ ರೋಗವನ್ನು ಗಿಡದಿಂದ ಗಿಡಕ್ಕೆ ದಾಟಿಸುತ್ತದೆ. ರೋಗ ತಗಲಿದರೆ ಎಲೆ ಹಳದಿ ಮಚ್ಚೆಯಾಗುತ್ತದೆ, ಹಣ್ಣು ಸೊಟ್ಟಗೆ, ಹಸಿರಾಗಿ, ಕಹಿಯಾಗಿ ಉಳಿಯುತ್ತದೆ, ಕೆಲವು ವರ್ಷಗಳಲ್ಲಿ ಮರ ಸಾಯುತ್ತದೆ. ಇದಕ್ಕೆ ಔಷಧಿ ಇಲ್ಲ. ಫ್ಲಾರಿಡಾದಲ್ಲಿ 2005ರಲ್ಲಿ ಈ ರೋಗ ಪತ್ತೆಯಾಯಿತು. 2003–04ರಲ್ಲಿ ಸುಮಾರು 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದ ಆ ರಾಜ್ಯ 2022–23ರಲ್ಲಿ ಬೆಳೆದದ್ದು 2 ಕೋಟಿಗಿಂತ ಕಡಿಮೆ. ಚಂಡಮಾರುತಗಳೂ ಕಾರಣ, ಆದರೆ ಈ ರೋಗದ ಪಾಲು ದೊಡ್ಡದು. ನಮ್ಮ ಕೊಡಗಿನ ಕಿತ್ತಳೆ ತೋಟಗಳು ಕ್ಷೀಣಿಸಿದ್ದಕ್ಕೆ ಇರುವ ಕಾರಣಗಳಲ್ಲೂ ಇದು ಒಂದು.

ಕ್ಯಾಲಿಫೋರ್ನಿಯದಲ್ಲಿ ಕೀಟ ಕಾಣಿಸಿದ್ದು 2008ರಲ್ಲಿ. ರೋಗ ಮೊದಲು ಸಿಕ್ಕಿದ್ದು 2012ರಲ್ಲಿ, ಲಾಸ್ ಏಂಜಲೀಸ್ ಕೌಂಟಿಯಲ್ಲಿ. ಅದು ದೊಡ್ಡ ತೋಟದಲ್ಲಲ್ಲ, ಒಂದು ಮನೆಯ ಹಿತ್ತಲ ಮರದಲ್ಲಿ. ಅಂದಿನಿಂದ ದಕ್ಷಿಣ ಕ್ಯಾಲಿಫೋರ್ನಿಯದಲ್ಲಿ ಸಾವಿರಾರು ಹಿತ್ತಲ ಮರಗಳನ್ನು ಕಡಿಯಬೇಕಾಯಿತು. ರಿವರ್‌ಸೈಡ್‌ನಲ್ಲಿ ಎಲೈಜ಼ಾ ಟಿಬೆಟ್ಸ್ ನೆಟ್ಟ ಮರಗಳಲ್ಲಿ ಒಂದು ಇಂದಿಗೂ ಬದುಕಿದೆ. ಈಗ ಅದು ಕೀಟ ತೂರದ ದೊಡ್ಡ ಬಲೆಯ ಪಂಜರದೊಳಗೆ ನಿಂತಿದೆ. ಇತಿಹಾಸ ಮರುಕಳಿಸುತ್ತದೆ ಎನ್ನುತ್ತಾರಲ್ಲ? 2011ರಲ್ಲಿ ವಿಜ್ಞಾನಿಗಳು ಪಾಕಿಸ್ತಾನದ ಪಂಜಾಬಿನಿಂದ ಆ ಸಿಲಿಡ್‌ನ ಶತ್ರುವಾದ ಪುಟ್ಟ ಕಣಜವನ್ನು ತಂದು ಇಲ್ಲಿ ಬಿಟ್ಟರು. ಕೋಬೆಲೆಯ ಗುಲಗಂಜಿ ಹುಳುವಿನ ಹಾಗೆಯೇ. ಕಣಜ ಕೀಟವನ್ನು ಕಡಿಮೆ ಮಾಡಿದೆ, ಇಲ್ಲವಾಗಿಸಿಲ್ಲ.

ಈ ಕೀಟಕ್ಕೆ ಕರಿಬೇವಿನ ಚಿಗುರು ಬಲು ಇಷ್ಟ. ಆದ್ದರಿಂದ ಕ್ವಾರಂಟೈನ್ ನಿಯಮಗಳಲ್ಲಿ ನಿಂಬೆ, ಕಿತ್ತಳೆಗಳ ಜೊತೆ ಕರಿಬೇವಿನ ಹೆಸರೂ ಇದೆ. ಊರಿನಿಂದ ಬರುವಾಗ ಸೂಟ್‌ಕೇಸಿನಲ್ಲಿ ಹಸಿ ಕರಿಬೇವು ತರುವಂತಿಲ್ಲ. ಕ್ವಾರಂಟೈನ್ ಪ್ರದೇಶದಿಂದ ಕರಿಬೇವಿನ ಗಿಡವನ್ನು ಹೊರಗೆ ಒಯ್ಯುವಂತಿಲ್ಲ. "ನಮ್ಮ ಮನೆಯದೇ ಗಿಡ, ಬೇರಿನ ಪಕ್ಕ ಒಂದು ಮರಿ ಬಂದಿದೆ, ತೊಗೊಂಡು ಹೋಗಿ" ಎಂದು ಕೊಡುವುದು ನಮ್ಮ ಪ್ರೀತಿಯ ಪದ್ಧತಿ. ನಮ್ಮ ಮನೆಗೂ ಕರಿಬೇವು ಹಾಗೆಯೇ ಬಂದದ್ದು. ಆದರೆ ಈಗ ಆ ಮರಿಯ ಜೊತೆ ಏನು ಹೋಗುತ್ತಿದೆ ಎಂದು ಯೋಚಿಸಲೇಬೇಕು. ಪಕ್ಕದ ಮನೆಯವರ ನಲವತ್ತು ವರ್ಷದ ಕಿತ್ತಳೆ ಮರ ನಮ್ಮ ಒಗ್ಗರಣೆಗೋಸ್ಕರ ಸಾಯಬಾರದು.

ಕರಿಬೇವು ಬಿಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಪರವಾನಗಿ ಇರುವ ನರ್ಸರಿಯಲ್ಲಿ, ಲೇಬಲ್ ಇರುವ ಗಿಡ ಕೊಳ್ಳಿ. ಕೊಂಡ ಪ್ರದೇಶದಲ್ಲೇ ಬೆಳೆಸಿ. ತಿಂಗಳಿಗೊಮ್ಮೆ ಚಿಗುರನ್ನು ತಿರುಗಿಸಿ ನೋಡಿ. ಬಾಲ ಮೇಲೆತ್ತಿ ಕೂತ ಕಂದು ಕೀಟವೋ, ಬಿಳಿ ಮೇಣದ ಎಳೆಗಳೋ ಕಂಡರೆ ಕೌಂಟಿಯ ಕೃಷಿ ಕಚೇರಿಗೆ ತಿಳಿಸಿ. ಗಿಡವನ್ನು ಮಾತ್ರ ಎಲ್ಲಿಗೂ ಸಾಗಿಸಬೇಡಿ.

ಹಾಗಾದರೆ ಯಾವ ಗಿಡ?

ಇಷ್ಟು ಇತಿಹಾಸದಿಂದ ನನಗೆ ಸಿಕ್ಕ ಪಾಠಗಳನ್ನು ಇಲ್ಲಿ ಬರೆಯುತ್ತೇನೆ.

1. ಗಿಡದ ಊರಿನಲ್ಲಿ ಮಳೆ ಯಾವಾಗ ಬರುತ್ತದೆ ಎಂದು ಕೇಳಿ. ಬೇಸಿಗೆಯಲ್ಲಿ ಎಂದಾದರೆ (ಕರಿಬೇವು, ದಾಸವಾಳ, ನಿಂಬೆ) ಇಲ್ಲಿ ಬೇಸಿಗೆಯಲ್ಲಿ ನೀವೇ ಮಳೆಯಾಗಬೇಕು. ಚಳಿಗಾಲದಲ್ಲಿ ಕುಂಡವನ್ನು ಸೂರಿನ ಕೆಳಗೆ, ದಕ್ಷಿಣದ ಗೋಡೆಯ ಪಕ್ಕಕ್ಕೆ ಎಳೆದು ನೀರು ಕಡಿಮೆ ಮಾಡಬೇಕು.

2. ಅಂಥ ಗಿಡ ಎರಡೋ ಮೂರೋ ಸಾಕು. ಉಳಿದ ಕುಂಡಗಳಿಗೆ ರೋಸ್‌ಮೇರಿ, ಲ್ಯಾವೆಂಡರ್, ಮಿರ್ಟಲ್, ಜಿರೇನಿಯಮ್ ಇಡಿ. ಬರಗಾಲ ಇಲ್ಲಿ ಮತ್ತೆ ಮತ್ತೆ ಬರುತ್ತದೆ. 2012ರಿಂದ 2016ರವರೆಗೆ ಬಂದ ಬರದಲ್ಲಿ ರಾಜ್ಯವೇ ನೀರಿನ ಬಳಕೆಗೆ ಕಡಿವಾಣ ಹಾಕಿತ್ತು.

3. ಈ ನೆಲದ ಗಿಡಗಳನ್ನೂ ನೋಡಿ. ಥಿಯೊಡೋರ್ ಪೇಯ್ನ್ ಎಂಬ ಇಂಗ್ಲೆಂಡಿನ ಯುವಕ 1893ರಲ್ಲಿ ಇಲ್ಲಿಗೆ ವಲಸೆ ಬಂದ. 1903ರಲ್ಲಿ ನರ್ಸರಿ ತೆರೆದ. ಇಲ್ಲಿಯವರೇ ಕಡೆಗಣಿಸಿದ್ದ ಕಾಡುಗಿಡಗಳ ಬೀಜ ಸಂಗ್ರಹಿಸಿ ಮಾರಿದ. ನಮ್ಮ ಹಾಗೆ ಹೊರಗಿನಿಂದ ಬಂದವನೇ ಈ ನೆಲದ ಗಿಡಗಳನ್ನು ಜನರಿಗೆ ಪರಿಚಯಿಸಿದ! ಗಿಡ್ಡ ಜಾತಿಯ ಮ್ಯಾನ್ಜ಼ನೀಟಾ, ಸೇಜ್ ಕುಂಡಕ್ಕೆ ಬರುತ್ತವೆ. ಆದರೆ ಬೇಸಿಗೆಯಲ್ಲಿ ಇವಕ್ಕೆ ವಿಪರೀತ ನೀರು ಹಾಕಿದರೆ ಬೇರು ಕೊಳೆಯುತ್ತದೆ.

4. ಮಣ್ಣಿನ ಕುಂಡ ನಮ್ಮ ನೀರಿನ ಹೂಜಿಯ ಹಾಗೆ. ಮೈಯೆಲ್ಲ ಬೆವರಿ ಬೇರನ್ನು ತಂಪಾಗಿಡುತ್ತದೆ, ಆದರೆ ಬೇಗ ಒಣಗುತ್ತದೆ. ಲ್ಯಾವೆಂಡರ್‌ಗೆ ಅದು ಒಳ್ಳೆಯದು. ಕಪ್ಪು ಪ್ಲಾಸ್ಟಿಕ್ ಕುಂಡ ಬಿಸಿಲಿಗೆ ಕಾದು ಬೇರನ್ನು ಬೇಯಿಸುತ್ತದೆ, ನೆರಳಲ್ಲಿಡಿ. ಕುಂಡ ಯಾವುದೇ ಆಗಲಿ, ಪ್ಲಿನಿಯ ತೂತು ಮರೆಯಬೇಡಿ.

ಮಕ್ಕಳಿಗೆ ಒಂದು ಮನೆಗೆಲಸ. ನಿಮ್ಮ ಮನೆಯ ಪ್ರತಿ ಕುಂಡದ ಮುಂದೆ ನಿಂತು ಮೂರು ಪ್ರಶ್ನೆ ಕೇಳಿ: ಇದು ಯಾವ ಊರಿನದು? ಅಲ್ಲಿ ಮಳೆ ಯಾವಾಗ? ಇದು ಇಲ್ಲಿಗೆ ಯಾರ ಕೈಯಿಂದ ಬಂತು? ಮೂರನೆಯದಕ್ಕೆ ಉತ್ತರ ಅಮ್ಮ, ಅಪ್ಪ, ಇಲ್ಲವೇ ಊರಿನಲ್ಲಿರುವ ಅಜ್ಜಿಯ ಹತ್ತಿರ ಇರುತ್ತದೆ. ಉತ್ತರಗಳನ್ನು ಕನ್ನಡದಲ್ಲೇ ಬರೆದು ಶನಿವಾರದ ತರಗತಿಗೆ ತನ್ನಿ. ಗಿಡ ಮಾತ್ರ ಮನೆಯಲ್ಲೇ ಇರಲಿ!